ಮೊದಲ ಗೆರೆ ಎಳೆಯುವ ಮುಂಚೆ: ಫ್ರೀಲಾನ್ಸ್ ಡಿಸೈನರ್‌ಗಳು ಗಿರಾಕಿಯನ್ನು ತೂಗಿ ನೋಡುವ ಬಗೆ

ಶಿರಸಿಯಲ್ಲೋ ಕುಮಟಾದಲ್ಲೋ ಕಾರವಾರದಲ್ಲೋ ಮನೆಯಲ್ಲೇ ಕೂತು ಡಿಸೈನ್ ಕೆಲಸ ಮಾಡುವವರಿಗೆ ಹೆಚ್ಚಿನ ಗಿರಾಕಿಗಳು ಬರುವುದು ಪರಿಚಯದ ದಾರಿಯಲ್ಲಿ. ಪ್ರೆಸ್ಸಿನವರು ನಂಬರ್ ಕೊಟ್ಟಿರುತ್ತಾರೆ, ಅತ್ತಿಗೆಯ ತಮ್ಮ ಹೇಳಿರುತ್ತಾನೆ, ಸೊಸೈಟಿಯ ಸೆಕ್ರೆಟರಿಯವರು ಕಳಿಸಿರುತ್ತಾರೆ. ಹಾಗೆ ಬಂದವರಿಗೆ ಪ್ರಶ್ನೆ ಕೇಳಲು ದಾಕ್ಷಿಣ್ಯ. ಎರಡು ಸ್ಕೆಚ್ ಕಳಿಸಿ, ನಾಲ್ಕು ಸಲ ತಿದ್ದಿ, ಆಮೇಲೆ ದುಡ್ಡಿನ ಮಾತು ತೆಗೆಯಹೊರಟರೆ ಅದೇ ದಾಕ್ಷಿಣ್ಯ ಇಮ್ಮಡಿಯಾಗಿರುತ್ತದೆ. ದೊಡ್ಡ ಊರಿನಲ್ಲಾದರೆ ಬಾಕಿ ಉಳಿಸಿಕೊಂಡವರ ಮುಖ ಮತ್ತೆ ನೋಡಬೇಕಾಗಿಲ್ಲ. ಇಲ್ಲಿ ಮುಂದಿನ ವಾರದ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆ ಅವರದ್ದೇ ಆಗಿರಬಹುದು. ಅದಕ್ಕೇ ಕೇಳಬೇಕಾದದ್ದನ್ನೆಲ್ಲ ಮೊದಲ ಗೆರೆ ಎಳೆಯುವ ಮುಂಚೆ ಕೇಳಿ ಮುಗಿಸಬೇಕು, ಮತ್ತು ಎಲ್ಲರಿಗೂ ಒಂದೇ ರೀತಿ ಕೇಳಬೇಕು. ಭಾವನಿಗೂ ಬೆಂಗಳೂರಿನ ಕಂಪನಿಗೂ ಅದೇ ಪ್ರಶ್ನೆಪಟ್ಟಿ ಹೋಗುತ್ತದೆ ಎಂದಾದರೆ ಯಾರೂ ಅದನ್ನು ಅಪನಂಬಿಕೆ ಎಂದುಕೊಳ್ಳುವುದಿಲ್ಲ.

ಇಡೀ ಕ್ರಮಕ್ಕೆ ಒಬ್ಬ ಗಿರಾಕಿಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಉತ್ತರ ಕಳಿಸಲು ಹತ್ತು ನಿಮಿಷ, ತಪಾಸಣೆಗೆ ಹದಿನೈದು, ಫೋನಿನಲ್ಲಿ ಇಪ್ಪತ್ತು, ಬರೆದು ಕಳಿಸಲು ಉಳಿದದ್ದು.

ನಿಮ್ಮ ದಿನದ ದರ ಮೊದಲು

ಗಿರಾಕಿಯನ್ನು ಅಳೆಯಲು ನಿಮ್ಮ ಕೈಯಲ್ಲಿ ಒಂದು ಅಳತೆಗೋಲು ಇರಬೇಕು. ಅದೇ ನಿಮ್ಮ ದಿನದ ಕನಿಷ್ಠ ದರ. ಲೆಕ್ಕ ಹೀಗೆ: ಮನೆಖರ್ಚಿನಲ್ಲಿ ನಿಮ್ಮ ಪಾಲು ತಿಂಗಳಿಗೆ 28,000 ರೂಪಾಯಿ ಎಂದಿಟ್ಟುಕೊಳ್ಳಿ. ಇಂಟರ್ನೆಟ್, ಸಾಫ್ಟ್‌ವೇರ್ ಚಂದಾ, ಕರೆಂಟು, ಇನ್ವರ್ಟರ್ ಬ್ಯಾಟರಿ, ನಾಲ್ಕೈದು ವರ್ಷಕ್ಕೊಮ್ಮೆ ಕಂಪ್ಯೂಟರ್ ಬದಲಿಸಲು ತೆಗೆದಿಡುವ ಹಣ ಎಲ್ಲ ಸೇರಿ 9,000. ವಿಮೆ, ತೆರಿಗೆ, ಉಳಿತಾಯಕ್ಕೆ 8,000. ಒಟ್ಟು 45,000. ತಿಂಗಳಲ್ಲಿ 25 ದಿನ ದುಡಿದರೂ ಬಿಲ್ ಹಾಕಬಹುದಾದ ದಿನಗಳು 15ಕ್ಕಿಂತ ಹೆಚ್ಚು ಸಿಗುವುದು ಕಷ್ಟ. ಉಳಿದವು ವಿಚಾರಣೆ, ಪ್ರೆಸ್ಸಿನ ಓಡಾಟ, ಬಾಕಿ ವಸೂಲಿ, ಮಳೆಗಾಲದಲ್ಲಿ ಕರೆಂಟು ನೆಟ್‌ವರ್ಕ್ ಎರಡೂ ಹೋದ ದಿನಗಳಿಗೆ ಸಲ್ಲುತ್ತವೆ. 45,000ವನ್ನು 15ರಿಂದ ಭಾಗಿಸಿದರೆ ದಿನಕ್ಕೆ 3,000. ಉಪ್ಪಿನಕಾಯಿ ಬಾಟಲಿಯ ಲೇಬಲ್ಲಿಗೆ ಐದು ದಿನ ಬೇಕೆಂದಾದರೆ 15,000ದ ಕೆಳಗಿನ ಕೆಲಸ ನಿಮಗೆ ನಷ್ಟದ್ದು. ನಿಮ್ಮ ಅಂಕಿ ಬೇರೆಯಿರಬಹುದು, ಆದರೆ ಅದು ಕಾಗದದ ಮೇಲೆ ಇರಲಿ. ಮನಸ್ಸಿನಲ್ಲಿ ಮಾತ್ರ ಇರುವ ದರ ಎದುರಿನವರ ದನಿ ಕೇಳಿದ ಕೂಡಲೇ ಇಳಿಯುತ್ತದೆ.

ಮೊದಲ ಉತ್ತರ

“ಒಂದು ಲೋಗೋ ಬೇಕಿತ್ತು, ಎಷ್ಟಾಗ್ತದೆ?” ಎಂಬ ವಾಟ್ಸಾಪ್ ಮೆಸೇಜಿಗೆ ದರ ಹೇಳಿ ಉತ್ತರಿಸಬೇಡಿ. ಏನು ಎಂದು ತಿಳಿಯದೆ ಹೇಳಿದ ದರ ಹೆಚ್ಚಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಕಡಿಮೆಯಾದರೆ ಕೊನೆಯವರೆಗೂ ಅದೇ ಹಿಡಿದುಕೊಳ್ಳುತ್ತದೆ. ಬದಲಿಗೆ ಈ ಉತ್ತರವನ್ನು ಫೋನಿನಲ್ಲಿ ಉಳಿಸಿಟ್ಟುಕೊಂಡು ಎಲ್ಲರಿಗೂ ಕಳಿಸಿ:

“ನಮಸ್ಕಾರ. ವಿಚಾರಿಸಿದ್ದಕ್ಕೆ ಧನ್ಯವಾದ. ದರ ಹೇಳುವ ಮೊದಲು ಇಷ್ಟು ತಿಳಿಸಿ, ವಾಯ್ಸ್ ಮೆಸೇಜ್ ಆದರೂ ಅಡ್ಡಿಯಿಲ್ಲ. ವ್ಯವಹಾರದ ಹೆಸರು, ಊರು, ಶುರುವಾಗಿ ಎಷ್ಟು ಸಮಯವಾಯಿತು? ಏನೇನು ಬೇಕು, ಎಲ್ಲೆಲ್ಲಿ ಬಳಸುತ್ತೀರಿ? ಯಾವ ದಿನಾಂಕದೊಳಗೆ ಬೇಕು, ಆ ದಿನ ಏನಿದೆ? ಬರಹ ಮತ್ತು ಫೋಟೋ ನೀವು ಕೊಡುತ್ತೀರಾ? ಡಿಸೈನ್ ನೋಡಿ ಕೊನೆಗೆ ಒಪ್ಪುವವರು ಯಾರು? ಇದಕ್ಕೆ ಎಷ್ಟು ಹಣ ತೆಗೆದಿಟ್ಟಿದ್ದೀರಿ, ಅಂದಾಜು ಹೇಳಿದರೂ ಸಾಕು. ಬಿಲ್ ಯಾರ ಹೆಸರಿಗೆ?”

ಇದಕ್ಕೆ ಬರುವ ಉತ್ತರವನ್ನು ಓದುವಾಗ ಭಾಷೆ, ಕಾಗುಣಿತ ನೋಡಬೇಡಿ. ಸಿದ್ದಾಪುರದ ಹಳ್ಳಿಯಿಂದ ತೊಡದೇವು ಮಾಡಿ ಮಾರುವವರು ಮೂರು ವಾಯ್ಸ್ ಮೆಸೇಜಿನಲ್ಲಿ ಎಲ್ಲ ಏಳಕ್ಕೂ ಉತ್ತರ ಕೊಟ್ಟಿದ್ದರೆ ಅವರು ಒಳ್ಳೆಯ ಗಿರಾಕಿ. ಚಂದದ ಇಂಗ್ಲಿಷಿನ ಇಮೇಲಿನಲ್ಲಿ ಹಣದ ಪ್ರಶ್ನೆಯೊಂದನ್ನು ಮಾತ್ರ ಹಾರಿಸಿದ್ದರೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಎರಡನೆಯ ಸಲವೂ “ಅದೆಲ್ಲ ಆಮೇಲೆ ನೋಡುವಾ” ಎಂದರೆ ಫೋನಿನ ಹಂತಕ್ಕೆ ಹೋಗಬೇಡಿ. ತಡವಾಗಿ ಉತ್ತರಿಸಿದ್ದನ್ನೂ ದೋಷವೆಂದು ಎಣಿಸಬೇಕಿಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಘಟ್ಟದ ಮೇಲಿನವರು ನಾಲ್ಕು ದಿನ ಫೋನ್ ನೋಡದೆ ಇರುವುದು ಸಹಜ.

ಬರಹ, ಫೋಟೋದ ಪ್ರಶ್ನೆ ಅಷ್ಟು ಮುಖ್ಯವೇ ಎಂದರೆ, ಹೌದು, ಕನ್ನಡದ ಕೆಲಸದಲ್ಲಿ ಹೆಚ್ಚು ದಿನ ತಿನ್ನುವುದು ಅದೇ. ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾದ ಬರಹವನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ಹಾಕಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು ಬರುತ್ತದೆ. ಪರಿವರ್ತಿಸಿದರೂ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಸ್ಥಳ ಬದಲಿಸಿರುತ್ತವೆ, ಮತ್ತೆ ಪ್ರತಿ ಸಾಲು ಓದಬೇಕು. ಹಾಗಾಗಿ “ಬರಹ ಯೂನಿಕೋಡಿನಲ್ಲಿ ಇದೆಯೇ, ಕರಡು ತಿದ್ದುವವರು ಯಾರು” ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಟೈಪಿಂಗ್ ಮತ್ತು ತಿದ್ದುಪಡಿಗೆ ಬೇರೆ ದರ ಸೇರಿಸಿ. ಫೋಟೋದ್ದೂ ಹಾಗೆಯೇ. ವಾಟ್ಸಾಪಿನಲ್ಲಿ ಮಾಮೂಲಾಗಿ ಕಳಿಸಿದ ಫೋಟೋದ ಉದ್ದನೆಯ ಬದಿ ಸುಮಾರು 1,600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಇಂಚಿಗೆ 300 ಚುಕ್ಕಿಯ ಮುದ್ರಣಕ್ಕೆ ಅದು ಐದೂಕಾಲು ಇಂಚಿನಷ್ಟು ಅಗಲಕ್ಕೆ ಮಾತ್ರ ಸಾಕು. ಎ4 ಬ್ರೋಷರಿನ ಪೂರ್ತಿ ಪುಟಕ್ಕೆ ಹಾಕಿದರೆ ಮಸುಕಾಗುತ್ತದೆ. “ಡಾಕ್ಯುಮೆಂಟ್ ಆಗಿ ಕಳಿಸಿ” ಎಂದು ಒಂದು ಸಲ ಹೇಳಿಕೊಟ್ಟಾಗ ಹಾಗೇ ಮಾಡಿದವರು ಮುಂದೆಯೂ ಹೇಳಿದ್ದನ್ನು ಕೇಳುತ್ತಾರೆ. ಇದು ಸಣ್ಣ ಪರೀಕ್ಷೆ, ಆದರೆ ನಂಬಬಹುದಾದದ್ದು.

ಹದಿನೈದು ನಿಮಿಷದ ತಪಾಸಣೆ

ಗಿರಾಕಿ ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಅದು ತಾನೇ ಬಹಳಷ್ಟು ಹೇಳುತ್ತದೆ. ಒಟ್ಟು 15 ಅಕ್ಷರ. ಮೊದಲೆರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಗೋವಾಕ್ಕೆ 30, ಮಹಾರಾಷ್ಟ್ರಕ್ಕೆ 27. ಕಾರವಾರ, ಜೋಯಿಡಾ ಕಡೆಯವರಿಗೆ ಗೋವಾದ ಕೆಲಸ ಬರುವುದರಿಂದ ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಇಡೀ ಸಂಖ್ಯೆಯ ಆರನೆಯ ಅಕ್ಷರ ‘ಪಿ’ ಆಗಿದ್ದರೆ ಒಬ್ಬ ವ್ಯಕ್ತಿಯ ವ್ಯವಹಾರ, ‘ಎಫ್’ ಆದರೆ ಪಾಲುದಾರಿಕೆ ಸಂಸ್ಥೆ, ‘ಸಿ’ ಆದರೆ ಕಂಪನಿ, ‘ಟಿ’ ಆದರೆ ಟ್ರಸ್ಟ್. “ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ” ಎಂದವರ ಸಂಖ್ಯೆಯಲ್ಲಿ ಅಲ್ಲಿ ‘ಪಿ’ ಇದ್ದರೆ ಯಾಕೆ ಎಂದು ಕೇಳಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ತೆರಿಗೆದಾರರ ಹುಡುಕಾಟಕ್ಕೆ ಈ ಸಂಖ್ಯೆ ಹಾಕಿ, ಲಾಗಿನ್ ಬೇಡ. ಕಾನೂನುಬದ್ಧ ಹೆಸರು, ಅಂಗಡಿಯ ಹೆಸರು, ನೋಂದಣಿ ದಿನಾಂಕ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಸಿಗುತ್ತದೆ. “ಹದಿನೈದು ವರ್ಷದ ಸಂಸ್ಥೆ” ಎಂದವರ ನೋಂದಣಿ ಕಳೆದ ತಿಂಗಳದ್ದಾದರೆ ಅದಕ್ಕೆ ಕಾರಣ ಇರಬಹುದು, ಆದರೆ ಕಾರಣ ಕೇಳದೆ ಮುಂದುವರಿಯಬೇಡಿ. ಕಂಪನಿಯಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲೂ ನೋಂದಣಿ ವಿವರ ನೋಡಬಹುದು.

ಜಿಎಸ್‌ಟಿ ಇಲ್ಲ ಎಂದ ಮಾತ್ರಕ್ಕೆ ಅನುಮಾನ ಬೇಡ. ವಾರ್ಷಿಕ ವಹಿವಾಟು ಸೇವೆಯಲ್ಲಿ 20 ಲಕ್ಷ ರೂಪಾಯಿಯ ಒಳಗಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ, ಅದು ನಿಮಗೂ ಅನ್ವಯಿಸುತ್ತದೆ. ಅಂಥವರ ವಿಷಯದಲ್ಲಿ ಮ್ಯಾಪಿನಲ್ಲಿ ಅಂಗಡಿ ಇದೆಯೇ, ಹೋಮ್‌ಸ್ಟೇ ಆದರೆ ಬುಕಿಂಗ್ ತಾಣಗಳಲ್ಲಿ ಈಚಿನ ತಿಂಗಳ ಅತಿಥಿಗಳ ಅಭಿಪ್ರಾಯ ಇದೆಯೇ ನೋಡಿ. ತಿನ್ನುವ ವಸ್ತುವಿನ ಪ್ಯಾಕೆಟ್ಟಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನೋಂದಣಿ ಸಂಖ್ಯೆ ಕೇಳಲೇಬೇಕು. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಶರಬತ್ತು, ಹಲಸಿನ ಹಪ್ಪಳ, ಜೋನಿಬೆಲ್ಲ ಯಾವುದೇ ಇರಲಿ, ಆ ಸಂಖ್ಯೆಯಿಲ್ಲದೆ ಲೇಬಲ್ ಮುದ್ರಣಕ್ಕೆ ಹೋಗುವಂತಿಲ್ಲ. ಜೊತೆಗೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸವೂ ಸಿದ್ಧವಿರಬೇಕು. “ನೀವು ಡಿಸೈನ್ ಶುರು ಮಾಡಿ, ಲೈಸೆನ್ಸ್ ಬರ್ತಾ ಇದೆ” ಎನ್ನುವವರ ಕೆಲಸ ತಿಂಗಳುಗಟ್ಟಲೆ ನಿಂತು, ಕೊನೆಯ ಕಂತೂ ಅದರೊಂದಿಗೆ ನಿಲ್ಲುತ್ತದೆ. ಅವರು ಕೆಟ್ಟವರಲ್ಲ, ಇನ್ನೂ ಸಿದ್ಧರಾಗಿಲ್ಲ. ಸಂಖ್ಯೆ ಬಂದ ಮೇಲೆ ಬನ್ನಿ ಎಂದು ಪ್ರೀತಿಯಿಂದಲೇ ಹೇಳಿ.

ಊರಿನ ಗಿರಾಕಿಯ ಬಗ್ಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವುದು ಫ್ಲೆಕ್ಸ್ ಅಂಗಡಿಯವರಿಗೆ ಮತ್ತು ಪ್ರೆಸ್ಸಿನವರಿಗೆ. ಆದರೆ “ಅವರು ಹೇಗೆ?” ಎಂದು ಕೇಳಿದರೆ ಮಾತು ಊರೆಲ್ಲ ಹಬ್ಬುತ್ತದೆ. “ಅವರ ಕೆಲಸ ಬಂದಿದೆ, ಮುದ್ರಣ ನಿಮ್ಮಲ್ಲೇ ಮಾಡಿಸಿದರೆ ನೀವು ಎಷ್ಟು ಮುಂಗಡ ತಗೊಳ್ತೀರಿ?” ಎಂದು ಕೇಳಿ. ಸಾಮಾನ್ಯ ಗಿರಾಕಿಗೆ ಅರ್ಧ ಮುಂಗಡ ತೆಗೆದುಕೊಳ್ಳುವ ಪ್ರೆಸ್ಸಿನವರು “ಪೂರ್ತಿ ಮೊದಲೇ ಇಸ್ಕೊಳ್ಳಿ” ಎಂದರೆ ಬೇರೆ ಏನೂ ಕೇಳಬೇಕಾಗಿಲ್ಲ.

ಫೋನಿನ ಇಪ್ಪತ್ತು ನಿಮಿಷ

ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆಗಳು ಎರಡೇ.

ಒಂದು: “ಈ ಮೊದಲು ಯಾರ ಹತ್ತಿರ ಮಾಡಿಸಿದ್ದಿರಿ, ಅದು ಯಾಕೆ ಮುಂದುವರಿಯಲಿಲ್ಲ?” ಹಿಂದಿನ ಡಿಸೈನರ್ ಕೆಲಸ ಬಿಟ್ಟರು, ಊರು ಬಿಟ್ಟರು, ದರ ಹೆಚ್ಚಾಯಿತು, ಇವೆಲ್ಲ ಸರಿಯಾದ ಕಾರಣ. ಮೂವರ ಹೆಸರು ಹೇಳಿ ಮೂವರೂ ಮೋಸಗಾರರು ಎಂದರೆ ನಾಲ್ಕನೆಯ ಹೆಸರು ನಿಮ್ಮದೇ ಆಗುತ್ತದೆ. ಹಿಂದಿನವರಿಗೆ ಹಣ ಪೂರ್ತಿ ಸಂದಿದೆಯೇ ಎಂದೂ ಕೇಳಿ, ಯಾಕೆಂದರೆ ಅವರು ಮಾಡಿದ ಲೋಗೋವನ್ನು ತಿದ್ದುವ ಕೆಲಸ ನಿಮಗೆ ಬಂದಿದ್ದರೆ ಅದರ ಹಕ್ಕು ಇನ್ನೂ ಅವರಲ್ಲೇ ಇರಬಹುದು.

ಎರಡು: “ಕೊನೆಗೆ ‘ಆಯ್ತು’ ಅನ್ನುವವರು ಯಾರು?” ಉತ್ತರಕ್ಕಿಂತ ಉತ್ತರಕ್ಕೆ ಮೊದಲು ಬರುವ ತಡೆಯನ್ನು ಗಮನಿಸಿ. ಗೋಕರ್ಣದ ಕಡೆಯ ಹೋಮ್‌ಸ್ಟೇ ಎಂದುಕೊಳ್ಳಿ. ಫೋನಿನಲ್ಲಿ ಉತ್ಸಾಹದಿಂದ ಮಾತಾಡುವವನು ಕಿರಿಯ ಮಗ, ಸಮುದ್ರನೀಲಿ ಬಣ್ಣ ಬೇಕೆನ್ನುತ್ತಾನೆ. ದುಡ್ಡು ಕೊಡುವವರು ತಂದೆ, ಅವರಿಗೆ ಮನೆದೇವರ ಚಿತ್ರ ಬೇಕು. ದುಬೈಯಲ್ಲಿರುವ ಅಣ್ಣನಿಗೆ ಇನ್ಯಾವುದೋ ಹೋಟೆಲಿನಂಥದ್ದು ಬೇಕು. ಮೂವರನ್ನೂ ಬೇರೆಬೇರೆಯಾಗಿ ಮೆಚ್ಚಿಸಲು ಹೊರಟರೆ ಒಂದು ಲೋಗೋದ ದರಕ್ಕೆ ಮೂರು ಲೋಗೋ ಆಗುತ್ತದೆ. “ತಂದೆಯವರನ್ನೂ ಒಮ್ಮೆ ಲೈನಿಗೆ ತನ್ನಿ, ಐದು ನಿಮಿಷ ಸಾಕು” ಎನ್ನಿ. ತಂದರೆ ಒಳ್ಳೆಯದು. “ಅವರಿಗೆ ಇದೆಲ್ಲ ಗೊತ್ತಾಗೋದಿಲ್ಲ” ಎಂದರೆ, ಗೊತ್ತಾಗದ ಅವರೇ ಕೊನೆಯ ದಿನ ಬೇಡ ಎನ್ನುವವರು.

ದೇವಸ್ಥಾನದ ಸಮಿತಿ, ಶಾಲೆಯ ಶತಮಾನೋತ್ಸವ, ಯಕ್ಷಗಾನ ಮಂಡಳಿಯ ಕೆಲಸಗಳಲ್ಲಿ ಇದು ಇನ್ನೂ ತೊಡಕು. ಸ್ಮರಣ ಸಂಚಿಕೆಯ ಮುಖಪುಟಕ್ಕೆ ಹನ್ನೊಂದು ಮಂದಿಯ ಅಭಿಪ್ರಾಯ ಬರುತ್ತದೆ, ಖಜಾಂಚಿಯವರು ಮಾತ್ರ ಸಿಗುವುದಿಲ್ಲ. ಇಬ್ಬರ ಹೆಸರು ಬರೆಸಿಕೊಳ್ಳಿ: ತಿದ್ದುಪಡಿ ಹೇಳುವವರು ಒಬ್ಬರು, ಚೆಕ್ಕಿಗೆ ಸಹಿ ಹಾಕುವವರು ಒಬ್ಬರು. ಸಮಿತಿಯವರು ಒಟ್ಟು ಕೂತು ನೋಡಿ ಒಂದೇ ಪಟ್ಟಿಯಲ್ಲಿ ತಿದ್ದುಪಡಿ ಕೊಡಬೇಕು ಎಂಬ ಷರತ್ತೂ ಇರಲಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಆ ಹೊತ್ತಿಗೆ ಬ್ಯಾನರು, ಆಮಂತ್ರಣ, ಅಂಗಡಿಗಳ ಜಾಹೀರಾತು ಒಟ್ಟಿಗೆ ಮುಗಿಬೀಳುತ್ತವೆ. ಜಾತ್ರೆಗೆ ಮೂರು ವಾರ ಇರುವಾಗಲೇ ಹೊಸ ಗಿರಾಕಿಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿದರೆ ಹಳಬರ ಕೆಲಸ ಹಾಳಾಗುವುದಿಲ್ಲ.

ದರದ ಮಾತು ಬಂದಾಗ ಚೌಕಾಸಿ ಮಾಡಿದವರನ್ನೆಲ್ಲ ದೂರ ಇಡಬೇಡಿ. ಮೀನುಪೇಟೆಯಲ್ಲೂ ಚೌಕಾಸಿ ಮಾಡುತ್ತಾರೆ, ಒಪ್ಪಿದ ಮೇಲೆ ದುಡ್ಡು ಎಣಿಸಿ ಕೊಡುತ್ತಾರೆ. ದರ ಇಳಿಸಬೇಕಾದರೆ ಕೆಲಸವನ್ನೂ ಇಳಿಸಿ: “12,000ಕ್ಕೆ ಲೋಗೋ ಮತ್ತು ಬೋರ್ಡ್ ಮಾಡಿಕೊಡಬಹುದು, ಮೆನು ಕಾರ್ಡ್ ಬಿಡುವಾ.” ಇದಕ್ಕೆ ಒಪ್ಪಿದರೆ ಅವರಿಗೆ ನಿಜಕ್ಕೂ ಹಣದ ಮಿತಿಯಿದೆ. ಎಲ್ಲವೂ ಬೇಕು, ದರ ಮಾತ್ರ ಅರ್ಧ ಎಂದರೆ, “ಮುಂದೆ ಬಹಳ ಕೆಲಸ ಕೊಡ್ತೇವೆ” ಎಂಬ ಮಾತು ಹಿಂದೆಯೇ ಬರುತ್ತದೆ. ಅದಕ್ಕೆ ಸರಿಯಾದ ಉತ್ತರ: ಮೂರನೆಯ ಕೆಲಸದಿಂದ ಶೇ. 10 ಕಡಿಮೆ ಮಾಡುತ್ತೇನೆ, ಮೊದಲನೆಯದು ಪೂರ್ತಿ ದರಕ್ಕೆ.

ದುಡ್ಡು ಬರುವ ಕಾಲವನ್ನೂ ಕೇಳಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟಿನವರಿಗೆ, ಐಸ್ ಪ್ಲಾಂಟಿನವರಿಗೆ ಆ 61 ದಿನ ಕೈ ಬಿಗಿ. ಮುರ್ಡೇಶ್ವರ, ಗೋಕರ್ಣದ ಪ್ರವಾಸಿ ವ್ಯವಹಾರಕ್ಕೂ ಮಳೆಗಾಲ ಸಪ್ಪೆ. ಅಡಿಕೆ ಬೆಳೆಗಾರರ ಕೈಗೆ ಹಣ ಬರುವುದು ಅಡಿಕೆ ಒಣಗಿ ಮಾರುಕಟ್ಟೆಗೆ ಹೋದ ಮೇಲೆ. ಪ್ರಾಮಾಣಿಕ ಗಿರಾಕಿಯೂ ಜುಲೈಯಲ್ಲಿ ಬಾಕಿ ಕೊಡಲಾರದೆ ಹೋಗಬಹುದು. ಕೊನೆಯ ಕಂತಿನ ದಿನಾಂಕವನ್ನು ಅವರ ಸುಗ್ಗಿಗೆ ಹೊಂದಿಸಿ, ಮುಂಗಡವನ್ನು ಮಾತ್ರ ಯಾವ ಕಾಲಕ್ಕೂ ಬಿಡಬೇಡಿ.

ಪುಕ್ಕಟೆ ಸ್ಯಾಂಪಲ್

ಕೊಡಬೇಡಿ. “ಒಂದು ಮಾದರಿ ತೋರಿಸಿ, ಹಿಡಿಸಿದರೆ ಮುಂದುವರಿಯುವಾ” ಎನ್ನುವವರಿಗೆ ಹಳೆಯ ಕೆಲಸಗಳ ಪಿಡಿಎಫ್ ಕಳಿಸಿ. ಅದರ ಮೇಲೂ ಪರೀಕ್ಷೆ ಬೇಕೆಂದರೆ ದಿನದ ಅರ್ಧ ದರಕ್ಕೆ, ಮೇಲಿನ ಲೆಕ್ಕದಲ್ಲಿ 1,500ಕ್ಕೆ, ಒಂದು ಪೋಸ್ಟರ್ ಅಥವಾ ವಿಸಿಟಿಂಗ್ ಕಾರ್ಡ್ ಮಾಡಿಕೊಡಿ. ಇದರಿಂದ ನೀವೂ ಅವರನ್ನು ಪರೀಕ್ಷಿಸಿದಂತಾಗುತ್ತದೆ: ಎಷ್ಟು ಬೇಗ ಉತ್ತರಿಸುತ್ತಾರೆ, ತಿದ್ದುಪಡಿ ಹೇಗೆ ಹೇಳುತ್ತಾರೆ, 1,500ನ್ನು ಕೇಳದೆ ಕೊಡುತ್ತಾರೋ. 1,500ಕ್ಕೆ ಮೂರು ಸಲ ನೆನಪಿಸಬೇಕಾದವರಿಗೆ 30,000ದ ಕೆಲಸ ಮಾಡಬೇಡಿ.

ಬರೆದು ಕಳಿಸಬೇಕಾದದ್ದು

ಒಂದೇ ಪುಟ, ಕನ್ನಡದಲ್ಲೇ ಇರಲಿ. ಏನೇನು ಮಾಡಿಕೊಡುತ್ತೀರಿ, ಎಷ್ಟು ಆಯ್ಕೆ, ಎಷ್ಟು ಸುತ್ತು ತಿದ್ದುಪಡಿ. ಲೋಗೋಗೆ ಎರಡು ಆಯ್ಕೆ, ಮೂರು ಸುತ್ತು ಸಾಕು. ನಾಲ್ಕನೆಯ ಸುತ್ತಿನಿಂದ ಅರ್ಧ ದಿನದ ದರ. ಹಣ ಮೂರು ಕಂತು: ಒಪ್ಪಿದ ದಿನ ಶೇ. 50, ಆಯ್ಕೆ ಒಪ್ಪಿಗೆಯಾದಾಗ ಶೇ. 30, ಮೂಲ ಫೈಲ್ ಕೊಡುವ ಮೊದಲು ಶೇ. 20. ಅಲ್ಲಿಯವರೆಗೆ ನೀರಗುರುತು (ವಾಟರ್‌ಮಾರ್ಕ್) ಹಾಕಿದ ಕಡಿಮೆ ಗಾತ್ರದ ಚಿತ್ರ ಮಾತ್ರ ಹೋಗಬೇಕು. ಗಿರಾಕಿ 30 ದಿನ ಉತ್ತರಿಸದಿದ್ದರೆ ಕೆಲಸ ಮುಗಿದಂತೆ, ಮುಂಗಡ ಹಿಂತಿರುಗಿಸುವುದಿಲ್ಲ ಎಂದೂ ಬರೆಯಿರಿ. ಹಕ್ಕಿನ ಸಾಲು ತಪ್ಪಬಾರದು: ಪೂರ್ತಿ ಹಣ ಸಂದ ಮೇಲೆ ಹಕ್ಕು ವರ್ಗಾವಣೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಪರಿಗಣನೆ. ಇದನ್ನು ಗಿರಾಕಿಗೆ ವಿವರಿಸಿದರೆ ಕಾಗದ ತಮಗೂ ಒಳ್ಳೆಯದು ಎಂದು ಅವರಿಗೆ ತಿಳಿಯುತ್ತದೆ, ಸಹಿ ಬೇಗ ಬರುತ್ತದೆ.

ದೊಡ್ಡ ಸಂಸ್ಥೆಗಳ ಕೆಲಸಕ್ಕೆ ಮುಂಚೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಮಾಡಿಸಿಟ್ಟುಕೊಳ್ಳಿ. ಉಚಿತ, ಆನ್‌ಲೈನಿನಲ್ಲೇ ಆಗುತ್ತದೆ. ಆಮೇಲೆ ಒಪ್ಪಂದವಿದ್ದರೂ 45 ದಿನದೊಳಗೆ ನಿಮಗೆ ಹಣ ಕೊಡಬೇಕೆಂಬ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಸಿಗುತ್ತದೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆ ಮುದ್ರಿಸಿದ್ದರೆ ಅವರ ಲೆಕ್ಕಪತ್ರ ವಿಭಾಗ ಅದನ್ನು ಗಮನಿಸುತ್ತದೆ. “90 ದಿನಕ್ಕೆ ಪೇಮೆಂಟ್, ಅದೇ ನಮ್ಮ ಪದ್ಧತಿ” ಎನ್ನುವವರಿಗೆ ಈ ವಿಷಯ ನಯವಾಗಿ ತಿಳಿಸಿ, ಅವರ ಉತ್ತರ ನೋಡಿ ನಿರ್ಧರಿಸಿ. ಕಂಪನಿಗಳು ವರ್ಷಕ್ಕೆ 50,000 ರೂಪಾಯಿ ಮೀರಿದ ವೃತ್ತಿ ಶುಲ್ಕದಲ್ಲಿ ಶೇ. 10 ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತವೆ. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಗಿರಾಕಿಯ ವೇಷದ ಮೋಸಗಾರರು

ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ “ನಾನು ನೇವಿಯಲ್ಲಿದ್ದೇನೆ, ಕ್ಯಾಂಟೀನಿನ ಬೋರ್ಡ್ ಡಿಸೈನ್ ಬೇಕು” ಎಂಬ ಕರೆ ಸಹಜವಾಗಿ ಕೇಳುತ್ತದೆ. ಸೈನಿಕರ ಹೆಸರಿನಲ್ಲಿ ಮಾಡುವ ಮೋಸ ದೇಶದೆಲ್ಲೆಡೆ ಒಂದೇ ನಮೂನೆಯದು: ಚೌಕಾಸಿ ಇಲ್ಲ, ಡಿಸೈನಿನ ಬಗ್ಗೆ ಪ್ರಶ್ನೆ ಇಲ್ಲ, ಗುರುತಿನ ಚೀಟಿಯ ಫೋಟೋ ತಾನಾಗಿ ಬರುತ್ತದೆ, ಆಮೇಲೆ “ಮುಂಗಡ ಬರಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಎಂಬ ಮಾತು. ಹಣ ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಡ. ಇನ್ನೊಂದು ಬಗೆಯಲ್ಲಿ ಹೆಚ್ಚು ಹಣ ಕಳಿಸಿದ ಸಂದೇಶ ತೋರಿಸಿ ಉಳಿದದ್ದು ವಾಪಸ್ ಕೇಳುತ್ತಾರೆ. ಎಸ್‌ಎಂಎಸ್ ನಂಬದೆ ಬ್ಯಾಂಕ್ ಆ್ಯಪ್ ತೆರೆದು ಖಾತೆ ನೋಡಿ. ಬ್ರೀಫ್ (ಕೆಲಸದ ವಿವರ) ಎಂದು ಬಂದ ಝಿಪ್ ಫೈಲಿನೊಳಗೆ ‘ಡಾಟ್ ಇಎಕ್ಸ್‌ಇ’ ಅಥವಾ ‘ಡಾಟ್ ಎಸ್‌ಸಿಆರ್’ ಎಂದು ಕೊನೆಯಾಗುವುದು ಇದ್ದರೆ ತೆರೆಯಬೇಡಿ, ಬ್ರೀಫ್ ಎಂದೂ ಆ ರೂಪದಲ್ಲಿ ಇರುವುದಿಲ್ಲ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬೇಡ ಎನ್ನುವುದು

ನಿರ್ಧರಿಸಿದ ದಿನವೇ ಹೇಳಿ. ಉತ್ತರಿಸದೆ ಸುಮ್ಮನಿರುವುದು ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಸರ ತರುತ್ತದೆ. ಅವರ ತಪ್ಪು ಎತ್ತಿ ಹೇಳಬೇಕಾಗಿಲ್ಲ, ಸುಳ್ಳು ಕಾರಣವೂ ಬೇಡ: “ನಿಮ್ಮ ಕೆಲಸ ನೋಡಿದೆ. ನೀವು ಹೇಳಿದ ಹಣ ಮತ್ತು ದಿನದೊಳಗೆ ನನ್ನಿಂದ ಸರಿಯಾಗಿ ಮಾಡಿಕೊಡಲು ಆಗುವುದಿಲ್ಲ. ಬೇರೆಯವರ ನಂಬರ್ ಬೇಕಿದ್ದರೆ ಕೊಡುತ್ತೇನೆ.” ನಂಬರ್ ಕೊಡುವ ಮೊದಲು ಆ ಇನ್ನೊಬ್ಬ ಡಿಸೈನರಿಗೆ ಗಿರಾಕಿಯ ಬಗ್ಗೆ ಇದ್ದದ್ದು ಇದ್ದಂತೆ ತಿಳಿಸಿ.

ನೆಂಟರದ್ದಾದರೆ ಇನ್ನೊಂದು ದಾರಿ ಇದೆ. “ಭಾವ, ನಿನಗೆ ದುಡ್ಡು ಬೇಡ” ಎಂದು ಮಾಡಿಕೊಡುವುದಾದರೆ ಅದನ್ನು ಉಡುಗೊರೆ ಎಂದೇ ಹೇಳಿ ಮಾಡಿಕೊಡಿ, ಬಿಲ್ಲಿನಲ್ಲಿ ಪೂರ್ತಿ ದರ ಬರೆದು ಕೆಳಗೆ “ಉಡುಗೊರೆ, ಬಾಕಿ ಸೊನ್ನೆ” ಎಂದು ನಮೂದಿಸಿ. ಒಂದು ಆಯ್ಕೆ, ಒಂದು ಸುತ್ತು ತಿದ್ದುಪಡಿ, ವರ್ಷಕ್ಕೆ ಇಂಥವು ಎರಡು. ಆ ಬಿಲ್ಲನ್ನು ಭಾವ ತನ್ನ ಸ್ನೇಹಿತರಿಗೆ ತೋರಿಸಿದಾಗ ಅವರು ನೋಡುವುದು ಮೇಲಿನ ಸಾಲಿನ ದರವನ್ನು.